ಕಂಬಳಿ ಕಾಲಿನ ಲ್ಯಾಂಡರ್

ಕಳೆದ ಫೆಬ್ರವರಿಯ ಕೊನೆಯ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ, ಮಧುಗಿರಿಯ ಕಾಲೇಜೊಂದರ ಮೂರನೇ ಮಹಡಿಯ ತಾರಸಿಯಿಂದ ನಾಲ್ಕು ಕಾಲಿನ ಲ್ಯಾಂಡರ್ ಒಂದನ್ನು ಕೆಳಗೆ ಬಿಟ್ಟರು. ಹೊಟ್ಟೆಯೊಳಗೆ ಒಂದು ಕೋಳಿಮೊಟ್ಟೆ ಇತ್ತು. ಕಾಲುಗಳು ಕಂಬಳಿಯವು.

ನಾನು ಹೋದದ್ದು ಎರಡು ಕಾಲಂ ಸುದ್ದಿಗೆ. ಬಾಹ್ಯಾಕಾಶ ಎಂಜಿನಿಯರಿಂಗ್‌ನ ಆರಂಭಿಕ ಕೋರ್ಸೊಂದು ಅಲ್ಲಿ ನಡೆಯುತ್ತಿತ್ತು. ಪಾಠ ಕಡಿಮೆ, ಕೈಕೆಲಸ ಹೆಚ್ಚು. ಮೂವರದ್ದೊಂದು ತಂಡ, ತಂಡಕ್ಕೆ ಮೂರು ಸವಾಲು. ಎರಡರಲ್ಲಿ ಗೆದ್ದರೆ ಮಾತ್ರ ಕೋರ್ಸಿನ ಎರಡನೇ ಭಾಗಕ್ಕೆ ಪ್ರವೇಶ. ಅಲ್ಲಿ ಡಬ್ಬಿಯೊಳಗೆ ಹಿಡಿಯುವಂಥ ಉಪಕರಣ ಕಟ್ಟಿ ಬಲೂನಿನಲ್ಲಿ ಮೇಲಕ್ಕೆ ಕಳಿಸುತ್ತಾರೆ. ಸೋತವರು ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರುಮಾಡಬೇಕು.

ಮೇಷ್ಟ್ರು ಎರಡು ನಿಯಮ ಮಾಡಿದ್ದರು. ಅಂಗಡಿಯಿಂದ ಏನನ್ನೂ ಕೊಳ್ಳುವಂತಿಲ್ಲ, ಮನೆಯಲ್ಲಿ ಇರುವುದನ್ನೇ ತರಬೇಕು. ಇನ್ನೊಂದು, ಪರೀಕ್ಷೆಗೆ ಮೊದಲು ತಮ್ಮದು ಎಲ್ಲಿ ಮುರಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆಯಬೇಕು. ಕೊರಟಗೆರೆಯ ತಂಡವೊಂದು ‘ಮುರಿಯುವುದಿಲ್ಲ’ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಅಳಿಸಿ ಡಸ್ಟರನ್ನು ಅವರ ಕೈಗೇ ಕೊಟ್ಟು, ಯೋಚಿಸಿ ಬನ್ನಿ ಎಂದು ವಾಪಸ್ ಕಳಿಸಿದರು.

ಕಂಬಳಿ ಕಾಲಿನ ತಂಡದಲ್ಲಿ ಶಿರಾದ ಹುಡುಗ, ಪಾವಗಡದ ಹುಡುಗ ಮತ್ತು ಹುಲಿಕುಂಟೆ ಕಡೆಯ ಹುಡುಗಿ ಇದ್ದರು. ಹುಡುಗಿಯ ಮನೆಯವರು ಕುರಿ ಸಾಕುತ್ತಾರೆ, ಅಜ್ಜಿ ಕಂಬಳಿಗೆ ಗಂಜಿ ಹಾಕುತ್ತಾಳೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಬೇಯಿಸಿದ ಗಂಜಿ ಅದು. ಒಣಗಿದ ಮೇಲೆ ಕಂಬಳಿ ಬಿಗಿಯುತ್ತದೆ, ನೀರು ಬೇಗ ಇಳಿಯುವುದಿಲ್ಲ. ಗೆಳೆಯರಿಬ್ಬರಿಗೂ ಇನ್ನೂ ಒಂದು ವರ್ಷ ಓದು ಬಾಕಿ ಇತ್ತು. ಅವಳದು ಅಂತಿಮ ವರ್ಷ. ಸೋತರೆ ಅವಳಿಗೆ ಮುಂದಿನ ವರ್ಷ ಎಂಬುದಿರಲಿಲ್ಲ.

ಮೊದಲ ಸವಾಲು ಇಟ್ಟಿಗೆ ಹೊರುವ ಕಾಗದದ ಸೇತುವೆ. ಅವಳು ಕಾಗದಕ್ಕೆ ಹುಣಸೆ ಗಂಜಿ ಬಳಿದು ಹಾಸ್ಟೆಲ್ಲಿನ ಫ್ಯಾನ್ ಕೆಳಗೆ ಒಣಗಿಸಿದ್ದಳು. ಮೇಲೆ ಒಣಗಿ ಒಳಗೆ ಹಸಿ ಉಳಿದಿತ್ತು, ಸೇತುವೆ ಬಾಗಿ ಇಟ್ಟಿಗೆ ನೆಲಕ್ಕೆ ಬಿತ್ತು. ಎರಡನೆಯದನ್ನು ಗಂಜಿ ಇಲ್ಲದೆ ಗೆದ್ದರು. ಮೂರನೆಯದು ಈ ಮೊಟ್ಟೆ, ಒಡೆಯದಂತೆ ತಾರಸಿಯಿಂದ ಇಳಿಸಬೇಕು. ಶನಿವಾರ ನಾನು ಮೊದಲ ಸಲ ಅವರ ಮೇಜಿನ ಬಳಿ ನಿಂತಾಗ ಜಗಳ ನಡೆಯುತ್ತಿತ್ತು.

“ಮತ್ತೆ ಅದೇ ಗಂಜೀನಾ?” ಎಂದ ಶಿರಾದವನು. “ಇಟ್ಟಿಗೆ ಬೀಳ್ಸಿದ್ದು ಸಾಲ್ದು ಅಂತ ಈಗ ಮೊಟ್ಟೆನೂ ಒಡೀತೀಯಾ?”

“ಅವತ್ತು ತಪ್ಪು ಗಂಜೀದಲ್ಲ ಕಣ್ಲಾ, ಫ್ಯಾನಿಂದು. ಕಂಬ್ಳಿ ಎಲ್ಲಾದ್ರೂ ಫ್ಯಾನ್ ಕೆಳ್ಗೆ ಒಣಗ್ತದಾ? ಬಿಸ್ಲಲ್ಲಿ ಎಳ್ದು ಕಟ್ಬೇಕು.”

“ಸರಿ, ಫ್ಯಾನ್‌ಗೆ ನೋಟಿಸ್ ಕೊಡೋಣ.”

“ಏಂ ಗೋಲ ರಾ ನಿಮ್ದು,” ಎಂದು ತನ್ನೂರಿನ ತೆಲುಗು ಬೆರೆಸಿ ಗದರಿದ ಪಾವಗಡದವನು, ಬಿದಿರು ಸೀಳುತ್ತಲೇ. “ಅವ್ಳು ಊರಿಗೋಗಿ ಒಣಗಿಸ್ಕೊಂಡ್ ಬರ್ಲಿ. ಆಗ್ಲಿಲ್ಲ ಅಂದ್ರೆ ಸೋಮ್ವಾರ ಬೆಳಿಗ್ಗೆ ಬೈಯಿ.”

ಭಾನುವಾರ ಅವಳು ಹುಲಿಕುಂಟೆಗೆ ಹೋದಳು. ಸೋಮವಾರ ಬೆಳಿಗ್ಗೆ ಬಸ್ಸಿಳಿದು ಬಂದಾಗ ಚೀಲದಲ್ಲಿ ಕಂಬಳಿಯ ಎಂಟು ಕೊಳವೆಗಳಿದ್ದವು. ತಟ್ಟಿದರೆ ತಗಡಿನ ಸದ್ದು. ಶಿರಾದವನು ಒಂದನ್ನು ಬಗ್ಗಿಸಲು ನೋಡಿ ಕೈಬಿಟ್ಟ. ನಾಲ್ಕನ್ನು ಲ್ಯಾಂಡರಿಗೆ ಕಟ್ಟಿ, ಹತ್ತೂವರೆಗೆ ತಾರಸಿಯಿಂದ ಬಿಟ್ಟು ನೋಡಿದರು.

ಕಾಲುಗಳಿಗೆ ಗೀರೂ ಬೀಳಲಿಲ್ಲ. ಮೊಟ್ಟೆ ಒಡೆದಿತ್ತು.

ಮೇಷ್ಟ್ರು ದೂರದಿಂದ ನೋಡಿದರು. ಹುಡುಗಿ ನೆಲದ ಮೇಲೆ ಕೂತು ಕಾಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. “ಕಾಲಿಗೆ ಏನೂ ಆಗಿಲ್ಲ. ಅದೇ ತಪ್ಪು,” ಎಂದಳು. “ಪೆಟ್ಟನ್ನ ಕಾಲು ತಿನ್ಬೇಕಿತ್ತು. ತಿನ್ನದೆ ಮೊಟ್ಟೆಗೆ ದಾಟಿಸ್ಬುಟ್ಟದೆ. ಮಳೆಗೆ ಹೊದಿಯೋ ಕಂಬ್ಳಿ ಅಂದ್ಕಂಡು ಅಜ್ಜಿ ದಪ್ಪಕ್ಕೆ ಬಳ್ದ್‌ಬುಟ್ಟವ್ಳೆ. ನಾನೂ ಸುಮ್ನೆ ನೋಡ್ಕಂಡಿದ್ದೆ.”

ಶಿರಾದವನು ಬೈಯಲಿಲ್ಲ. ಗಡಿಯಾರ ನೋಡಿ, “ಇನ್ನೂ ಒಂದೂವರೆ ಗಂಟೆ ಐತೆ,” ಎಂದ.

ಹೊಸ ಗಂಜಿ ಬೇಯಿಸಲು ಹೊತ್ತಿರಲಿಲ್ಲ. ಅವಳು ಚೀಲದಿಂದ ಇನ್ನೊಂದು ಕೊಳವೆ ತೆಗೆದು ಹೇಳಿದಳು: “ಹೊಸ ಕಂಬ್ಳೀನ ನಮ್ಮನೇಲಿ ಯಾರೂ ಅಂಗೇ ಹೊದಿಯಾಕಿಲ್ಲ. ಸೆಡೆದ್ಕಂಡಿರ್ತದೆ. ಮೊದ್ಲು ತುಳೀತಾರೆ.”

ಉಳಿದ ನಾಲ್ಕು ಕೊಳವೆಗಳನ್ನು ಸಾಲಾಗಿಟ್ಟು, ಚಪ್ಪಲಿ ಬಿಟ್ಟು, ಒಂದರ ನಡುವೆ ಹಿಮ್ಮಡಿ ಊರಿದಳು. ಹಪ್ಪಳ ಮುರಿದಂಥ ಸಣ್ಣ ಸದ್ದು ಬಂತು. ಕೊಳವೆ ಹೊರಗಿನಿಂದ ನೆಟ್ಟಗೇ ಇತ್ತು. ಒಳಗೆ ಗಂಜಿ ಬಿರಿದು, ಮಡಿಯಬೇಕಾದ ಜಾಗ ಮಾತ್ರ ಗುರುತಾಗಿತ್ತು.

“ಬುಡಕ್ಕೆ ತಾಗಬಾರ್ದು,” ಎಂದ ಶಿರಾದವನು. ಅವನ ತಂದೆ ಆಟೋ ಸೀಟು ಹೊಲಿಯುವವರು. ಬಟ್ಟೆ ಎಲ್ಲಿ ಮೊದಲು ಸೋಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ಮೂರು ತುಳಿದ ಮೇಲೆ, “ನಾಲ್ಕನೇದು ನಂಗೆ ಬಿಡು,” ಎಂದು ತಾನೇ ತುಳಿದ.

ಬೋರ್ಡಿನ ಮೇಲೆ ಅವಳು ಬರೆದದ್ದು ಇಷ್ಟು: ‘ನಾಲ್ಕೂ ಕಾಲು ನಡುವಿಗೆ ಮಡಿಯುತ್ತವೆ. ಮೊಟ್ಟೆ ಉಳಿಯುತ್ತದೆ.’ ಸೀಮೆಸುಣ್ಣ ಇಟ್ಟು ಕೈ ಒರೆಸಿಕೊಂಡಳು. ಎರಡನೇ ವಾಕ್ಯ ಬರೆಯುವಾಗ ಅಕ್ಷರ ಸ್ವಲ್ಪ ಸಣ್ಣದಾಗಿತ್ತು.

ಹನ್ನೆರಡಕ್ಕೆ ಬಿಟ್ಟರು. ಬಿದ್ದದ್ದು ಪುಟಿಯಲಿಲ್ಲ. ಕುರಿ ಮಂಡಿಯೂರಿದಂತೆ ಅಲ್ಲೇ ಕುಸಿದು ಕೂತಿತು. ಮೇಷ್ಟ್ರು ಮೊಟ್ಟೆ ತೆಗೆದು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ, ಸಾಕ್ಷಿಗೆಂದು ನನ್ನ ಕೈಗೆ ಕೊಟ್ಟರು. ಬಿರುಕು ಇರಲಿಲ್ಲ. ಆಮೇಲೆ ಅವರು ಕಾಲುಗಳನ್ನು ನೋಡಿದರು. ಮೂರು ನಡುವಿಗೆ ಮಡಿದಿದ್ದವು, ಒಂದು ಬುಡದಲ್ಲಿ.

“ಇದು?”

“ಅದು ನಾನು ತುಳಿದಿದ್ದು ಸರ್,” ಎಂದ ಶಿರಾದವನು.

“ಬೂಟು ಬಿಚ್ಚಿದ್ಯಾ?”

“ಇಲ್ಲ ಸರ್.”

“ಅದನ್ನೂ ಬರ್ಕೋ.”

“ಫ್ಯಾನ್ ಆಯ್ತು, ಈಗ ಬೂಟಿಗೂ ಒಂದು ನೋಟಿಸ್,” ಎಂದಳು ಹುಡುಗಿ. ಅಂದು ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ವರದಿಗಾರನಾಗಿ ನಾನು ಹೆಚ್ಚಾಗಿ ಕೇಳಿರುವುದು ತಪ್ಪು ತಮ್ಮದಲ್ಲ ಎಂಬ ಹೇಳಿಕೆಗಳನ್ನು. ಕೇಳಿದ ಕೂಡಲೇ ಇದು ನನ್ನದು ಎಂದವರು, ತಪ್ಪು ಆಗುವ ಮೊದಲೇ ಜಾಗ ಗುರುತು ಹಾಕಿ ಕೊಟ್ಟವರು ಅಪರೂಪ. ಆ ಅಂಗಳದಲ್ಲಿ ಎಲ್ಲ ತಂಡಗಳೂ ಅದನ್ನೇ ಮಾಡುತ್ತಿದ್ದವು. ಕೊರಟಗೆರೆಯವರು ಕೂಡ ಕೊನೆಗೆ ಬರೆದರು. ಅವರ ಲ್ಯಾಂಡರ್ ಬರೆದ ಜಾಗದಲ್ಲೇ ಮುರಿಯಿತು. ಸುದ್ದಿ ಎರಡು ಕಾಲಂನಲ್ಲಿ ಹಿಡಿಯಲಿಲ್ಲ. ಡೆಸ್ಕಿನವರು ಕತ್ತರಿಸಿದ್ದು ಬೂಟಿನ ಭಾಗವನ್ನು.

ಮೂವರೂ ಈಗ ಕೋರ್ಸಿನ ಎರಡನೇ ಭಾಗದಲ್ಲಿದ್ದಾರೆ. ಬಲೂನು ಇನ್ನೂ ಹಾರಿಲ್ಲ, ಗಾಳಿ ತಗ್ಗುವುದನ್ನು ಕಾಯುತ್ತಿದ್ದಾರೆ. ಮೇಲೆ ಚಳಿಯಿಂದ ಬ್ಯಾಟರಿ ಸೋಲದಿರಲೆಂದು ಉಪಕರಣದ ಡಬ್ಬಿಗೆ ಒಳಗಿನಿಂದ ಗಂಜಿ ಇಲ್ಲದ ಕಂಬಳಿ ಹಾಕುವುದು ತೀರ್ಮಾನವಾಗಿದೆ. ತುಂಡು ಕಳೆದ ಭಾನುವಾರ ಹುಲಿಕುಂಟೆಯಿಂದ ಬಂದಿದೆ.