ಗೋರಾ ಕುಂತಿದ್ದ ಕುರ್ಚಿ

ವಿಮಾನ ಸಮೇತ ಬಿದ್ದ ಬಿಳಿಯ ಪೈಲಟ್, ಆ ಗೋರಾ, ಎದ್ದು, ಮೈ ಕೊಡವಿಕೊಂಡು, ಮಜ್ಜಿಗೆ ಕುಡಿದು ಹೋದ ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ಹಿರಿಯರ ಊರಾದ ಭಂಕೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ. ಹೇಳುವವರು ಬಹಳ ಮಂದಿ ಇದ್ದ ಮಾತ್ರಕ್ಕೆ ಅದು ಸಾಕ್ಷಿ ಆಗುತ್ತದೆಯೇ? ಆದರೆ ಇವತ್ತು ಬೆಳಿಗ್ಗೆ ವಾಡಿಯ ನಮ್ಮ ಮನೆಯ ಅಂಗಳದಿಂದ ಹುಣಸೆಹಣ್ಣಿನ ಹುಳಿ ವಾಸನೆ ಬಂದಾಗ ನಾನು ಎದ್ದು ಬಾಗಿಲಿಗೆ ಬಂದು ನಿಂತೆ. ಆಯಿ, ಅಂದರೆ ನಮ್ಮಪ್ಪನ ತಾಯಿ, ಅಲ್ಲಿ ಕೂತು ಅದೇ ಗೋರಾನ ಕುರ್ಚಿಯನ್ನು ತಿಕ್ಕುತ್ತಿದ್ದಳು.

ಕಥೆ ಇಷ್ಟು. ಎರಡನೇ ಮಹಾಯುದ್ಧದ ಆ ದೊಡ್ಡ ಲಡಾಯಿಯ ಕಾಲದಲ್ಲಿ, ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ ಇದ್ದಾಗ, ಒಂದು ಲಡಾಯಿ ವಿಮಾನ ಭಂಕೂರಿನ ನಮ್ಮ ಹೊಲದಲ್ಲಿ ಬಿತ್ತು. ಊರವರು ಅದನ್ನು ತಂತಮ್ಮ ಅವಶ್ಯಕತೆಯಂತೆ ಹಂಚಿಕೊಂಡರು. ರೆಕ್ಕೆಯ ತಗಡಿನ ಪತ್ರಾ ಯಾರದೋ ಕೊಟ್ಟಿಗೆಯ ಚಾವಣಿಯಾಯಿತು, ಉಳಿದದ್ದು ಗುಜರಿಗೆ ಹೋಯಿತು. ನಮ್ಮ ಮುತ್ಯಾನ ಅಪ್ಪ, ಆಯಿಯ ಮಾವ, ಪೈಲಟ್ ಕೂಡುವ ಕುರ್ಚಿ ಹೊತ್ತು ತಂದ. ಕುರ್ಚಿ ಎಂದರೆ ನಾಲ್ಕು ಕಾಲಿನದಲ್ಲ. ಹಿಂದೆ ಎತ್ತರದ ಬೆನ್ನು, ತಳ ಆಳವಾಗಿ ಬೋಗುಣಿಯಂತೆ ಇರುವ, ಹಗುರಾದ ಅಲ್ಯುಮಿನಿಯಮ್ಮಿನದು.

ಅದರಲ್ಲಿ ದೊಡ್ಡವರು ಯಾರೂ ಕೂಡುವಂತಿಲ್ಲ. ಅದು ಕೂಸುಗಳದು. ನಮ್ಮ ಮನೆತನದಲ್ಲಿ ಹುಟ್ಟಿದ ಯಾವ ಕೂಸನ್ನೂ ಹೆಸರಿಡುವ ದಿನ ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲ. ಹಳೇ ಸೀರೆ ಹಾಸಿ ಈ ಕುರ್ಚಿಯಲ್ಲಿ ಮಲಗಿಸುತ್ತಾರೆ, ಆಮೇಲೆ ತೊಟ್ಟಿಲು. "ಮುಗಿಲಿಂದ ಬಿದ್ದಾವನ್ನ ಉಳಿಸ್ಯದ, ಅಂಗೈಯಷ್ಟು ಕೂಸಿನ್ನ ಉಳಸಂಗಿಲ್ಲೇನು?" ಎನ್ನುವುದು ಆಯಿಯ ವಾದ. ನಾನೂ ಅದರಲ್ಲಿ ಮಲಗಿದವಳೇ. ಬಹಳ ಅತ್ತೆನಂತೆ. ಆಕ್ಷೇಪಣೆ ಎತ್ತುವ ಚಟ ಅಂದಿನಿಂದಲೇ ಇದ್ದಿರಬೇಕು.

ಚಿತ್ತಾಪುರದಲ್ಲಿ ಓದುವಾಗ ಚರ್ಚಾಸ್ಪರ್ಧೆಯ ಕಪ್ಪು ಗೆದ್ದು, ಆ ಗುಂಗಿನಲ್ಲೇ ಭಂಕೂರಿಗೆ ಹೋಗಿದ್ದೆ. ಆಯಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎದುರಿಗೆ ಕೂತು ಕಥೆಯ ಎಲುಬು ಒಂದೊಂದಾಗಿ ಬಿಡಿಸಿದೆ. ಗೋರಾ ಮಜ್ಜಿಗೆ ಕುಡಿದ ಅಂತ ನೀನು, ನೀರು ಕುಡಿದ ಅಂತ ಕಾಕಾ. ಶಹಾಬಾದಿಗೆ ನಡೆದು ಹೋದ ಅಂತ ಒಬ್ಬರು, ವಾಡಿಗೆ ಹೋಗಿ ರೈಲು ಹತ್ತಿದ ಅಂತ ಇನ್ನೊಬ್ಬರು. ಅಷ್ಟು ಮೇಲಿಂದ ಬಿದ್ದವನ ಒಂದು ಎಲುಬೂ ಮುರಿಯಲಿಲ್ಲವೇ?

"ನೀ ನೋಡೀಯೇನು, ವಕೀಲ್ಬಾಯಿ?"

"ನೀ ನೋಡೀಯೇನು, ಆಯಿ?"

"ನಾನೂ ನೋಡಿಲ್ಲ, ನೀನೂ ನೋಡಿಲ್ಲ. ಇಬ್ಬರೂ ನೋಡಿಲ್ಲಂದಮ್ಯಾಲ ಚಲೋದನ್ನ ನಂಬಲಿಕ್ಕೆ ನಿಂದೇನ್ ಗಂಟು ಹೋಗ್ತದ? ರೊಟ್ಟಿ ತಿನ್ನು, ಆರ್ಲಿಕತ್ತದ."

ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ. ಗೆದ್ದ ಕಪ್ಪು ಪಕ್ಕದಲ್ಲೇ ಇತ್ತು.

ಈ ವರ್ಷ ನಾನು ಭಂಕೂರಿನಲ್ಲಿದ್ದಾಗ ರಫೀಕ್ ಚಾಚಾ ಬಂದರು. ಸೇಡಂನವರು, ಹೈದರಾಬಾದಿನಲ್ಲಿ ಹಳೇ ಸಾಮಾನಿನ ವ್ಯಾಪಾರ. ಹಳೇ ಲಡಾಯಿ ವಿಮಾನಗಳಿಗೂ ಒಂದು ಸಂತೆ ಇದೆ ಎಂದು ನನಗೆ ತಿಳಿದದ್ದು ಅವರಿಂದಲೇ. ಒಂದು ದೇಶದ ಮ್ಯೂಸಿಯಂ ಎಂಜಿನ್ ಕೊಡುತ್ತದೆ, ಇನ್ನೊಂದು ದೇಶದ ಶೋಕಿದಾರ ಅದಕ್ಕೆ ಬದಲಾಗಿ ರೆಕ್ಕೆ ಕೊಡುತ್ತಾನೆ. ಹೀಗೆ ಕೂಡಿಸಿ ಕೂಡಿಸಿ ಒಂದು ವಿಮಾನ ಎಬ್ಬಿಸಿ ನಿಲ್ಲಿಸುತ್ತಾರೆ. ಇಂಗ್ಲೆಂಡಿನ ಅಂಥದೊಂದು ಮ್ಯೂಸಿಯಮ್ಮಿನವರಿಗೆ ಈಗ ಎಲ್ಲ ಸಿಕ್ಕಿದೆ, ಕುರ್ಚಿ ಇಲ್ಲ, ನಿಮ್ಮದನ್ನು ಕೊಡಿ ಎಂದರು.

ನಾನು ಬಿಡುತ್ತೇನೆಯೇ? "ಚಾಚಾ, ಇದು ಬಿದ್ದಾಗ ಇಲ್ಲಿ ನಿಜಾಮರ ರಾಜ್ಯ. ಹಾರಿಸಿದ್ದು ಇಲ್ಲಿದ್ದ ಬ್ರಿಟಿಷ್ ಸರ್ಕಾರ. ಎರಡೂ ಈಗಿಲ್ಲ. ಕಾಪಾಡಿದವ್ರು ನಾವು. ಇದನ್ನ ಯಾರ್ ಯಾರಿಗೆ ಕೊಡೋದು?"

"ದಿಲ್ಲಿ ಪರವಾನಗಿ ಇಲ್ಲದ ಒಂದ್ ಸ್ಕ್ರೂ ಸುದ್ದಾ ಗಡಿ ದಾಟಂಗಿಲ್ಲ, ಬೇಟಾ. ನಾ ಕಳ್ಳ ಅಲ್ಲ," ಎಂದು ನಕ್ಕು, ಆಯಿಯ ಕಡೆ ತಿರುಗಿದರು. "ಬದಲಿಗೆ ಹೂಬಹೂ ಇಂಥದೇ ಹೊಸಾದು ಮಾಡಿಸಿ ಕೊಡ್ತಾರ್ರೀ, ಅಮ್ಮಾ."

"ಹೊಸಾದ್ರಾಗ ಯಾರ್ ಬಿದ್ದು ಉಳದಾರೋ, ಯಪ್ಪಾ? ಮೊದ್ಲು ನೀ ಕುಂತು, ಮ್ಯಾಲಿಂದ ಬಿದ್ದು ತೋರ್ಸು. ಆಮ್ಯಾಲ ಇಸ್ಕೋತೀನಿ."

ಚಾಚಾ ಕುರ್ಚಿ ತಿರುವಿ ಹಾಕಿ ಹಣೆ ಬಡಿದುಕೊಂಡರು. ಅಲ್ಲಿ ಬಣ್ಣದಲ್ಲಿ ಬರೆದ ಅಂಕಿಗಳು ಇರಬೇಕಂತೆ. ಒಂದೂ ಇರಲಿಲ್ಲ. "ಯಾರ್ ತಿಕ್ಯಾರ್ರೀ ಇಷ್ಟು?"

"ನಾನೇ," ಎಂದಳು ಆಯಿ, ಹೆಮ್ಮೆಯಿಂದ. "ನನಗಿಂತ ಮೊದ್ಲು ನಮ್ಮತ್ತಿ. ಹುಣಸಿಹಣ್ಣು, ಇಟ್ಟಂಗಿ ಪುಡಿ. ಪ್ರತಿ ಕೂಸಿಗೂ. ಕನ್ನಡಿ ಹಂಗ ಹೊಳಿಬೇಕು ನೋಡು."

ಆದರೆ ಬೆನ್ನಿನ ಹಿಂಬದಿ, ಮಡಚಿದ ಅಂಚಿನೊಳಗೆ, ಲೋಹದಲ್ಲೇ ಒತ್ತಿದ ಒಂದು ಸಂಖ್ಯೆ ಉಳಿದಿತ್ತು. ಚಾಚಾ ಫೋಟೋ ಹೊಡೆದರು. "ಇಂಗ್ಲೆಂಡಿನ ದಫ್ತರದಾಗ ಎಲ್ಲಾ ಬರ್ದಿಟ್ಟಾರ. ಯಾವ ವಿಮಾನ, ಎಲ್ಲಿ ಬಿತ್ತು, ನಡಸಾಂವ ಏನಾದ."

ಗೆದ್ದೆ ಎಂದು ನಾನು ಕುಣಿಯಬೇಕಿತ್ತು. ಇಷ್ಟು ವರ್ಷ ಕೇಳಿದ್ದೇ ಇದನ್ನಲ್ಲವೇ, ಪುರಾವೆ? ಆದರೆ ಚಾಚಾ ಹೋದ ಮೇಲೆ ಆಯಿ ನನ್ನ ಮೊಣಕೈ ಹಿಡಿದು ಮೆಲ್ಲಗೆ ಅಂದಳು: "ಇದೆಲ್ಲಾ ಅಕ್ಕನ ಮುಂದ ಹೇಳಬ್ಯಾಡ."

ಹೆರಿಗೆಗೆಂದು ವಾಡಿಯ ಮನೆಗೆ ಬಂದಿರುವ ನಮ್ಮ ಅಕ್ಕನಿಗೆ ಈಗ ದಿನ ತುಂಬಿವೆ. ಹಿಂದಿನ ಕೂಸು ಕಲಬುರಗಿಯ ದವಾಖಾನೆಯಿಂದ ಮನೆಗೆ ಬರಲೇ ಇಲ್ಲ. ಕುರ್ಚಿಯವರೆಗೆ ತಲುಪದ ಕೂಸು ಅದೊಂದೇ. ಅಕ್ಕ ಓದಿದವಳು, ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆದರೂ ಹಟ ಹಿಡಿದು ಭಂಕೂರಿನಿಂದ ಆಯಿಯ ಜೊತೆ ಕುರ್ಚಿಯನ್ನೂ ತರಿಸಿ, ತನ್ನ ಮಂಚದಿಂದ ಕಾಣುವಂತೆ ಇಡಿಸಿಕೊಂಡಿದ್ದಾಳೆ. ರಾತ್ರಿ ನಿದ್ದೆ ಬಾರದಾಗ ಅದನ್ನೇ ನೋಡುತ್ತಾಳಂತೆ. ಲೋಹಕ್ಕೆ ಕೂಸು ಉಳಿಸುವ ಶಕ್ತಿ ಇಲ್ಲ ಎಂದು ನಾನು ಯಾವ ವೇದಿಕೆಯಲ್ಲಾದರೂ ಸಾಧಿಸಬಲ್ಲೆ. ಅಕ್ಕನ ಮಂಚದ ಅಂಚಿಗೆ ಕೂತು ಸಾಧಿಸಲಾರೆ. ಆ ಮನುಷ್ಯ ಅದರಲ್ಲೇ ಸತ್ತಿದ್ದರೆ? ನಾವೆಲ್ಲ ಕೂಸಾಗಿದ್ದಾಗ ಮಲಗಿದ್ದು ಎಲ್ಲಿ ಹಾಗಾದರೆ?

ನಿನ್ನೆ ಚಾಚಾನ ಸಂದೇಶ ಬಂತು: "ನಂಬರ್ ಕೂಡ್ತು ಬೇಟಾ. ಸುದ್ದಿ ಅದ. ಫೋನ್ ಹಚ್ಚು." ನಾನು ಹಚ್ಚಲಿಲ್ಲ. ಎಂಥ ಮಾತಿಗೂ ಮರುಮಾತು ಕೊಡುವವಳು, ನಿನ್ನೆಯಿಂದ ಮೊಬೈಲನ್ನು ಬೋರಲು ಹಾಕಿ ಓಡಾಡುತ್ತಿದ್ದೇನೆ.

ಈಗ ಅಂಗಳದಲ್ಲಿ ಆಯಿ ತಿಕ್ಕುತ್ತಿದ್ದಾಳೆ. ಒಳಗಿನಿಂದ ಅಕ್ಕನ ದನಿ ಬಂತು: "ಆಯಿ, ಹಿಂದಿನ ಕಡೀನೂ ತಿಕ್ಕು. ಒಂದೀಟೂ ಬಿಡಬ್ಯಾಡ."

"ಹೂಂ ಯವ್ವಾ, ತಿಕ್ಕಾಕತ್ತೀನಿ," ಎಂದಳು ಆಯಿ. ನನ್ನ ಕಡೆ ನೋಡಲಿಲ್ಲ. ಕೈ ಮಾತ್ರ ಆ ಅಂಚಿನ ಮೇಲೆ ಜೋರಾಗಿ ಓಡುತ್ತಿತ್ತು.

ಒತ್ತಿದ ಸಂಖ್ಯೆ ಹುಣಸೆಹಣ್ಣಿಗೆ ಅಳಿಯುವುದಿಲ್ಲ, ಆಯಿಗೆ ಹೇಳಬೇಕೆಂದುಕೊಂಡೆ. ಅದರ ಬದಲು ಮೊಬೈಲು ಎತ್ತಿಕೊಂಡು ಚಾಚಾನಿಗೆ ಬರೆಯತೊಡಗಿದೆ. ಯಾವ ವಿಮಾನ, ಯಾವ ಇಸವಿ, ಯಾವ ದಾಖಲೆ, ಕೇಳಬೇಕಾದ್ದೆಲ್ಲ ಬರೆದು, ಎಲ್ಲ ಅಳಿಸಿ, ಕೊನೆಗೆ ಒಂದೇ ಸಾಲು ಕಳಿಸಿದೆ:

"ಚಾಚಾ, ಅದ್ರಾಗ ಕುಂತಿದ್ದಾಂವ ಮನಿ ಮುಟ್ಟಿದನೇನ್ರಿ?"