ಸೀರೆಯ ಹಿಂದಿನ ಮನ್ನ

ಮಕ್ಕಳೇ, ನಿಮ್ಮ ಅಜ್ಜಿಯ ಕಪಾಟಿನಲ್ಲಿ ಸೀರೆಗಳ ಹಿಂದೆ ಯಾವಾಗಲೂ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ಬಿಸ್ಕತ್ತು ಇರುತ್ತಿರಲಿಲ್ಲ. ಈ ಗುಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವಳು ನಾನೊಬ್ಬಳೇ.

ಈ ಸಲ ತಪಸ್ಸು ಕಾಲದಲ್ಲಿ, ಈಸ್ಟರಿಗೆ ಮುಂಚೆ ನಾವು ಮೀನು ಮಾಂಸ ಬಿಡುವ ನಲವತ್ತು ದಿನಗಳಲ್ಲಿ, ನಮ್ಮ ಚರ್ಚ್ ವಾರ್ಡಿನ ಮುಖ್ಯಸ್ಥ, ಗುರಿಕಾರ ಬೊನಾಬಾಬ್ ಒಂದು ಹೊಸ ಏರ್ಪಾಡು ಮಾಡಿದರು. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಹಿರಿಯರೊಬ್ಬರು ಬೈಬಲಿನಲ್ಲಿ ಮೋಶೆ ಇಸ್ರಾಯೇಲರನ್ನು ಈಜಿಪ್ಟಿನಿಂದ ಬಿಡಿಸಿ ಕರೆದೊಯ್ದ ಮರುಭೂಮಿಯ ಪಯಣದ ಬಗ್ಗೆ ನಾಲ್ಕು ಮಾತು ಹೇಳಬೇಕು. ನಿಮ್ಮ ದೊಡ್ಡಮ್ಮ ಐರಿನ್ ಕೂಡಲೇ ಕೈ ಎತ್ತಿದಳು, ನನ್ನ ಪರವಾಗಿ. ಅವಳು ಅತ್ತಾವರದ ಆಸ್ಪತ್ರೆಯಲ್ಲಿ ನರ್ಸ್. ಆಚೆ ನೋಡಿ ಎಂದು ಹೇಳಿ ಈಚೆ ಸೂಜಿ ಚುಚ್ಚಿ ಅಭ್ಯಾಸ.

ನಾನೋ, ಬಸ್ಸಿನಲ್ಲಿ ‘ನಿಲ್ಲಿಸಿ’ ಎನ್ನಲೂ ನಾಚುವವಳು. ಬೇರೆ ಯಾರಾದರೂ ಇಳಿಯುವವರೆಗೆ ಕಾದು, ಹಂಪನಕಟ್ಟೆಯಿಂದ ಹಿಂದಕ್ಕೆ ನಡೆದು ಬಂದದ್ದುಂಟು. ಇಸ್ರಾಯೇಲರು ಹತ್ತಿರದ ಊರಿಗೆ ನಲವತ್ತು ವರ್ಷ ಸುತ್ತಿದ್ದು ಹೇಗೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

“ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ” ಎಂದೆ.

“ಮೋಶೆ ಸಹ ಹಾಗೇ ಹೇಳಿದ್ದಲ್ವಾ ಮಾಮಿ? ಅವನಿಗೂ ಮಾತು ಬರ್ತಿರ್ಲಿಲ್ಲ.”

ಮೋಶೆಯ ಪರವಾಗಿ ಮಾತನಾಡಲು ದೇವರು ಅವನಿಗೆ ಅಣ್ಣನನ್ನು ಕೊಟ್ಟ. ನನಗೆ ಸೊಸೆಯನ್ನು ಕೊಟ್ಟ. ಅವಳು ನನ್ನ ಹೆಸರನ್ನೇ ಕೊಟ್ಟುಬಿಟ್ಟಳು. ಪ್ರಾರ್ಥನೆ ನಮ್ಮ ಮನೆಯಲ್ಲೇ ಇದ್ದುದರಿಂದ ಮಂಡಿನೋವೆಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

ಸೌತೆಕಾಯಿ ಹೆಚ್ಚುತ್ತಾ ಯೋಚಿಸಿದೆ. ಆ ಜನ ಮರುಭೂಮಿಯಲ್ಲಿ ಗೊಣಗಿದರಂತೆ: ಈಜಿಪ್ಟಿನಲ್ಲಿ ಮೀನಿತ್ತು, ಸೌತೆ ಇತ್ತು, ಈರುಳ್ಳಿ ಬೆಳ್ಳುಳ್ಳಿ ಇತ್ತು. ಇದು ನಮ್ಮ ಮಂಗಳೂರಿನ ಅಡುಗೆಮನೆಯ ಮಾತೇ ಅಲ್ಲವೇ? ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದಿದ್ದಾಗ ನಾವು ಗೊಣಗುವುದನ್ನು ಕೇಳಿದರೆ ಮೋಶೆ ತನ್ನ ಜನವೇ ವಾಸಿ ಎನ್ನುತ್ತಿದ್ದ. ಆದರೆ ಮೀನಿನ ಬಗ್ಗೆ ತಪಸ್ಸು ಕಾಲದಲ್ಲಿ ಮಾತನಾಡಿದರೆ ಕೇಳುವವರ ಬಾಯಲ್ಲಿ ನೀರೂರುತ್ತದೆ. ಅದಕ್ಕೆ ಮನ್ನವನ್ನು ಆರಿಸಿಕೊಂಡೆ. ದೇವರು ದಿನವೂ ಬೆಳಿಗ್ಗೆ ಆಕಾಶದಿಂದ ಆಹಾರ ಸುರಿಸುತ್ತಿದ್ದ. ಆ ದಿನಕ್ಕೆ ಬೇಕಾದಷ್ಟೇ ಹೆಕ್ಕಬೇಕು. ನಾಳೆಗೆಂದು ಇಟ್ಟರೆ ಹುಳ ಹಿಡಿಯುತ್ತಿತ್ತು. ಹೇಳಲು ಸುಲಭ, ಯಾರ ಮನಸ್ಸಿಗೂ ನೋವಾಗದು.

ಆ ಸಂಜೆ ಎದ್ದು ನಿಂತೆ. “ನಾಳೆಗೆ ಅಂತ ಕೂಡಿಡಬಾರದು” ಎಂದೆ. ಅಷ್ಟೇ. ಎದುರಿಗೆ ಕೂತ ನೆರೆಮನೆಯ ಲಿಲ್ಲಿಬಾಯಿ ಎಷ್ಟು ಕನಿಕರದಿಂದ ನೋಡಿದರೆಂದರೆ, ಉಳಿದದ್ದೆಲ್ಲ ಮರೆತುಹೋಯಿತು. ನನ್ನ ಮಾನ ಉಳಿಸಲು ಐರಿನ್ ಮೊದಲು ಚಹಾ ಕುಡಿಯೋಣ ಎಂದು ಒಳಗೆ ಹೋದಳು. ಚಹಾದ ಜೊತೆಗೆ ಕೊಡಲು ತಿಂಡಿ ಇನ್ನೂ ಆಗಿರಲಿಲ್ಲ. ಕೋಣೆಯ ಕಪಾಟಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಡಬ್ಬಿ ಹಿಡಿದು ಬಂದವಳಿಗೆ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ನರ್ಸ್ ಅಲ್ಲವೇ, ಬಿಪಿ ಏರಿತೆಂದು ತಿಳಿದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಿದಳು. ಆಮೇಲೆ ಲಿಲ್ಲಿಬಾಯಿಯ ಮುಂದೆ ಮುಚ್ಚಳ ತೆಗೆದಳು.

ಅದರಲ್ಲಿದ್ದದ್ದು ನೆವ್ರಿ, ಎಳ್ಳು ಬೆಲ್ಲ ತುಂಬಿದ ಕ್ರಿಸ್ಮಸ್ಸಿನ ಕಡುಬು. ಕ್ರಿಸ್ಮಸ್ಸಿಗೆ ಮಸ್ಕತ್ತಿನಿಂದ ನಿಮಗೆ ಬರಲಾಗಲಿಲ್ಲವಲ್ಲ, ರಜೆಗೆ ಬರುವಾಗ ಇರಲಿ ಎಂದು ತೆಗೆದಿಟ್ಟಿದ್ದೆ. ನಿಮಗಿಂತ ಮೊದಲೇ ಬೇರೆಯವರು ಬಂದು ತಿಂದಿದ್ದರು. ಬಿಳಿ ಹುಳಗಳು, ಯಾವ ಅವಸರವೂ ಇಲ್ಲದೆ ಹೊರಗೆ ಬರುತ್ತಿದ್ದವು.

“ಇದೆಂತ ಬಾಯಿ,” ಎಂದರು ಲಿಲ್ಲಿಬಾಯಿ, “ನಡೀತಾ ಉಂಟಲ್ಲ?”

ಎಲ್ಲರೂ ನನ್ನ ಕಡೆ ತಿರುಗಿದರು. ಕುರ್ಚಿಯಿಂದ ಎದ್ದೆ. ಧ್ವನಿ ಎಲ್ಲಿಂದ ಬಂತೋ ಕಾಣೆ. “ನಾನು ಹೇಳ್ಲಿಕ್ಕೆ ಹೊರಟದ್ದು ಇದನ್ನೇ” ಎಂದೆ.

ಬೊನಾಬಾಬ್ ನಕ್ಕರು, ಮನೆಯಿಡೀ ನಕ್ಕಿತು. ನಗು ನಿಂತ ಮೇಲೂ ನಾನು ಕೂರಲಿಲ್ಲ. ಮನ್ನ ಅಡಗಿಸಿಟ್ಟವರು ಆಸೆಬುರುಕರಲ್ಲ, ಹೆದರಿದವರು ಎಂದೆ. ಇವತ್ತು ಕೊಟ್ಟವನು ನಾಳೆ ಮರೆತರೆ ಎಂಬ ಹೆದರಿಕೆ. ನಿಮ್ಮ ಅಜ್ಜ ಹೋದ ಮೇಲೆಯೇ ನನ್ನ ಕಪಾಟಿಗೆ ಈ ಡಬ್ಬಿ ಬಂದದ್ದು. ಇರುವುದನ್ನು ಮುಚ್ಚಿಟ್ಟರೆ ಇನ್ನೇನೂ ಕೈತಪ್ಪದು ಎಂದುಕೊಂಡಿದ್ದೆ. ಡಬ್ಬಿ ಖಾಲಿ ಇದ್ದರೂ ನಿದ್ದೆ ಬರುವುದೇ ವಿಶ್ವಾಸ, ಅದನ್ನು ನಾನಿನ್ನೂ ಕಲಿಯುತ್ತಿದ್ದೇನೆ ಎಂದು ಹೇಳಿ ಕೂತೆ. ಚಹಾ ಆರಿಹೋಗಿತ್ತು. ಲಿಲ್ಲಿಬಾಯಿ ಕಣ್ಣೊರೆಸಿಕೊಂಡು, ತಮ್ಮ ಮಂಚದ ಅಡಿಯಲ್ಲಿ ಏನೇನಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದನ್ನು ನಾನು ಬರೆಯುವುದಿಲ್ಲ.

ಅಂದಿನಿಂದ ಬಸ್ಸಿನಲ್ಲಿ ‘ನಿಲ್ಲಿಸಿ’ ಎನ್ನುತ್ತೇನೆ. ಮೆಲ್ಲಗೆ, ಆದರೂ ಕಂಡಕ್ಟರನಿಗೆ ಕೇಳಿಸುತ್ತದೆ.

ಮರುದಿನ ಬೈಬಲಿನಲ್ಲಿ ಮನ್ನದ ಅಧ್ಯಾಯವನ್ನು ಕೊನೆಯವರೆಗೆ ಓದಿದೆ. ಮುಂದಿನ ತಲೆಮಾರಿನವರು ನೋಡಲೆಂದು ಒಂದು ಪಾತ್ರೆ ತುಂಬ ಮನ್ನವನ್ನು ತೆಗೆದಿಡಲು ದೇವರೇ ಅಪ್ಪಣೆ ಮಾಡಿದ್ದಾನೆ! ಮುಂದಿನ ತಲೆಮಾರು ಎಂದರೆ ನೀವೇ ತಾನೇ? ಡಬ್ಬಿಯನ್ನು ತೊಳೆದು ಒಣಗಿಸಿದ್ದೇನೆ. ಈಗ ಅದು ಸೀರೆಗಳ ಮುಂದೆಯೇ ಇದೆ. ಖಾಲಿಯೇ ಎಂದು ಐರಿನ್ ಕೇಳಿದರೆ ಹೌದೆನ್ನಿ. ರಜೆ ಸಿಕ್ಕಿದ ಕೂಡಲೇ ಬನ್ನಿ, ಈ ಸಲವಾದರೂ ಹುಳಗಳಿಗಿಂತ ಮೊದಲು.