ಬಾಳೆಕಂದು ಮತ್ತು ಬಿಳಿ ಡಬ್ಬಿಗಳು

ಬಿಡದಿಯ ಆ ಕಾರ್ಖಾನೆಯ ಗೋದಾಮಿಗೆ ವೈರ್‌ಲೆಸ್ ಬಂದ ವರ್ಷ ಅದರ ಉಸ್ತುವಾರಿಗೆ ನನ್ನನ್ನು ಕಾಂಟ್ರ್ಯಾಕ್ಟ್ ಮೇಲೆ ಹಾಕಿಕೊಂಡಿದ್ದರು. ಉಸ್ತುವಾರಿ ಅಂದರೆ ದೊಡ್ಡ ಪದವಿಯೇನಲ್ಲ. ಕಂಬಗಳಿಗೆ ಜಡಿದಿದ್ದ ಬಿಳಿ ಡಬ್ಬಿಗಳಿಂದ ಸಿಗ್ನಲ್ ಬರುತ್ತಿದ್ದರೆ ಕೆಲಸದವರ ಕೈಯ ಸ್ಕ್ಯಾನರುಗಳು ಓಡುತ್ತಿದ್ದವು, ಲಾರಿಗಳು ಹೊರಡುತ್ತಿದ್ದವು, ನನ್ನ ಮುಖ ಯಾರೂ ನೋಡುತ್ತಿರಲಿಲ್ಲ. ನಿಂತರೆ ಮಾತ್ರ ಇಡೀ ಕಾರ್ಖಾನೆಗೆ ನನ್ನ ನೆನಪಾಗುತ್ತಿತ್ತು. ಆದರೂ ಅಲ್ಲೇ ಪರ್ಮನೆಂಟ್ ಆಗಬೇಕೆಂದು ಜೀವ ಬಿಡುತ್ತಿದ್ದೆ.

ಆಯುಧಪೂಜೆ ಬಂತು. ಗೋದಾಮಿನ ಸೂಪರ್‌ವೈಸರು ಸಾತನೂರಿನ ಕಡೆಯವರು, ಮನೆಯಲ್ಲಿ ಹಸು ಕಟ್ಟಿದ್ದವರು, ಭಕ್ತಿಯಲ್ಲಿ ಯಾರಿಗೂ ಕಡಿಮೆಯಿಲ್ಲ. ಫೋರ್ಕ್‌ಲಿಫ್ಟಿನ ಮುಂದೆ ಬೂದುಗುಂಬಳ ಒಡೆಸಿ, ಕಂಬ ಕಂಬಕ್ಕೂ ದಪ್ಪನೆಯ ಬಾಳೆಕಂದು ಕಟ್ಟಿಸಿದರು. ನನ್ನ ಡಬ್ಬಿಗಳಿಗೂ ವಿಭೂತಿ, ಕುಂಕುಮ, ಚೆಂಡುಹೂವು!

ರಜೆ ಮುಗಿಸಿ ಬಂದರೆ ಸ್ಕ್ಯಾನರುಗಳು ಗರ ಬಡಿದಂತೆ ಕೂತಿವೆ. ಗೇಟಿನ ತನಕ ಲಾರಿ ಸಾಲು. ಮ್ಯಾನೇಜರು ಕರೆದು, "ಸಂಜೆಯೊಳಗೆ ಸರಿಹೋಗದಿದ್ರೆ ಈ ಕೆಲಸ ಹೊರಗಿನ ಕಂಪನಿಗೆ ಕೊಟ್ಟುಬಿಡ್ತೀನಿ. ಅವರು ಆಗಲೇ ಕೂತಲ್ಲಿಂದಲೇ ಫೋನಿನಲ್ಲಿ ಪರೀಕ್ಷೆ ಮಾಡ್ತಿದ್ದಾರೆ" ಎಂದರು. ನಾನು ಗೋದಾಮಿಗೆ ಓಡಿದೆ.

ಕಾರಣ ಕಣ್ಣೆದುರೇ ನಿಂತಿತ್ತು. ಬಾಳೆಕಂದಿನ ತುಂಬ ನೀರು, ನೀರು ಸಿಗ್ನಲ್ಲನ್ನು ಹೀರಿಬಿಡುತ್ತದೆ. ಅಷ್ಟು ನೀರನ್ನು ಡಬ್ಬಿಗಳಿಗೆ ಅಡ್ಡ ನಿಲ್ಲಿಸಿದರೆ ಸಿಗ್ನಲ್ ಎಲ್ಲಿಂದ ದಾಟೀತು?

"ಅಣ್ಣ, ಇವನ್ನ ಒಸಿ ಬಿಚ್ಚಿಸಿ," ಎಂದೆ ಸೂಪರ್‌ವೈಸರಿಗೆ.

"ಏನ್ಲಾ, ತಲೆ ನೆಟ್ಟಗೈತಾ? ಪೂಜೆ ಮಾಡಿದ್ ಕಂದು ತಾನಾಗೇ ಒಣಗ್ಬೇಕು. ಕಿತ್ತೆಸೆದು ನಾಳೆ ಯಾರಾದ್ರೂ ಕೈ ಮುರ್ಕೊಂಡ್ರೆ ನೀನ್ ಬತ್ತೀಯಾ?"

ಸಿಗ್ನಲ್ಲಿನ ವಿಜ್ಞಾನ ಬಿಡಿಸಿ ಹೇಳಿದೆ, ಆಕಳಿಸಿದರು. ಅಷ್ಟರಲ್ಲಿ ಅವರ ಹಸು ಕರು ಹಾಕಿದ್ದು ನೆನಪಾಯಿತು. ಹಿಂದಿನ ವಾರವಷ್ಟೇ ಅದರ ಗಿಣ್ಣು ತಂದು ನಮಗೆಲ್ಲ ಹಂಚಿದ್ದರು.

"ಎಸೆಯೋದ್ಯಾಕಣ್ಣ? ಕರು ಹಾಕಿರೋ ಹಸೂಗೆ ಹಾಕಿ. ದೇವರ ಪ್ರಸಾದ, ಪುಣ್ಯ ಬತ್ತದೆ."

ಗಲ್ಲ ಕೆರೆದುಕೊಂಡರು. ಆಮೇಲೆ ಏಣಿ ತರಿಸಿ ತಾವೇ ಹಗ್ಗ ಬಿಚ್ಚಿದರು. ಕೊನೆಯ ಕಂದು ಟೆಂಪೋ ಏರುವಷ್ಟರಲ್ಲಿ ಸ್ಕ್ಯಾನರುಗಳೆಲ್ಲ ಕೀಂ ಕೀಂ ಅನ್ನತೊಡಗಿದವು.

ಮ್ಯಾನೇಜರು ಬೀಗುತ್ತಾ ಬಂದರು. "ನೋಡಿದ್ಯೇನಯ್ಯ, ಹೊರಗಿನವರು ಫೋನಿನಲ್ಲೇ ರಿಪೇರಿ ಮಾಡಿಬಿಟ್ರು!" ಬಾಳೆಕಂದಿನ ವಿಷಯ ಹೇಳಿದರೆ ಬಿದ್ದು ಬಿದ್ದು ನಕ್ಕರು. ತಿಂಗಳ ಕೊನೆಗೆ ನನ್ನನ್ನು ಮನೆಗೆ ಕಳಿಸಿದರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮುಂದಿನ ವರ್ಷ ಆಯುಧಪೂಜೆ ಮುಗಿದಿತ್ತು. ಕನಕಪುರದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಧೂಳು ಒರೆಸುತ್ತಿದ್ದವನಿಗೆ ಸೂಪರ್‌ವೈಸರ ಫೋನ್ ಬಂತು. ಹಿಂದೆ ಲಾರಿಗಳ ಹಾರ್ನ್ ಸದ್ದು, ಮ್ಯಾನೇಜರ ಕೂಗಾಟ.

"ಲೇ, ಈ ಸಲ ಕಂಬಕ್ಕೆ ಎರಡೆರಡು ಕಂದು ಕಟ್ಸಿವ್ನಿ ಕಣ್ಲಾ. ಫೋನಿನೋರು ಬೆಳಗ್ಗಿಂದ ರಿಪೇರಿ ಮಾಡ್ತಾನೇ ಅವ್ರೆ. ನಿನ್ನ ವಾಪಸ್ ಕರೆಸೋಗಂಟ ನಮ್ ಹಸೂಗೆ ಒಂದೆಲೆನೂ ಕೊಡಾಕಿಲ್ಲ!"